ಕಾಯುವ ಹೊತ್ತಲ್ಲಿ ಸಿಕ್ಕ ಗೆಳೆಯರು

ಶಿರಸಿಯವರಾದ, ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. 2006ರ ಮಳೆಗಾಲ. ಶಿರಸಿಯ ಸೈಬರ್ ಕೆಫೆಯಲ್ಲಿ ರೂನ್‌ಸ್ಕೇಪ್ ಎಂಬ, ದೇಶದೇಶಗಳ ಜನ ಇಂಟರ್ನೆಟ್ಟಿನಲ್ಲಿ ಒಟ್ಟಿಗೆ ಆಡುವ ಆಟ ಆಡುತ್ತಿದ್ದರಂತೆ. ಹೋರಾಟದ ನಡುವೆ ಕರೆಂಟು ಹೋಯಿತು, ಆಟದಲ್ಲಿ ಅವರ ಪಾತ್ರ ಸತ್ತಿತು. ಆಗಿನ ನಿಯಮದ ಪ್ರಕಾರ ಬೆಲೆಬಾಳುವ ಮೂರು ವಸ್ತು ಮಾತ್ರ ಉಳಿಯುತ್ತಿತ್ತು. ಬಾಕಿಯೆಲ್ಲ ನೆಲದ ಮೇಲೆ. ಸ್ವಲ್ಪ ಹೊತ್ತಾದ ಮೇಲೆ ಯಾರು ಬೇಕಾದರೂ ಎತ್ತಿಕೊಳ್ಳಬಹುದಿತ್ತು. ಜೊತೆಗಿದ್ದ ಫಿಲಿಪೀನ್ಸಿನ ಹುಡುಗನೊಬ್ಬ ಅಷ್ಟನ್ನೂ ಎತ್ತಿಟ್ಟು ಮರುದಿನ ವಾಪಸ್ ಕೊಟ್ಟನಂತೆ. "ಈಗ ಫೋನಿನ ಆಟದಲ್ಲಿ ಆಟೋ ಅಂತ ಒತ್ತಿದರೆ ಪಾತ್ರ ತಾನೇ ಹೋಗಿ ಹೊಡೆದು ಬರುತ್ತದೆ. ಬೇಜಾರಾಗಿ ಹಳೆಯ ಆಟಕ್ಕೇ ಹೋದೆ. ಅಲ್ಲೂ ಒಬ್ಬನೇ ಅನ್ನಿಸಿತು. ಆಗ ಚೆನ್ನಾಗಿದ್ದದ್ದು ಆಟವಾ, ನಮ್ಮ ವಯಸ್ಸಾ?" ಎಂದು ಕೇಳಿದ್ದಾರೆ.

ಸಂಪಾದಕರ ಉತ್ತರ:

ಶಿರಸಿಯ ಗೆಳೆಯರೇ,

ನಿಮ್ಮ ಪತ್ರ ಓದಿ ಆ ದಿನ ಬೇರೆ ಕೆಲಸ ಸಾಗಲಿಲ್ಲ. ನೀವು ಶಿರಸಿಯಲ್ಲಿ ಕೂತು ಆಡುತ್ತಿದ್ದ ಹೊತ್ತಿಗೇ ನಾನು ಇಲ್ಲಿ ಕಾರವಾರದಲ್ಲಿ ಅದೇ ಆಟ ಆಡುತ್ತಿದ್ದೆ. ಗಂಟೆಗೆ 20 ರೂಪಾಯಿ. ಕೆಫೆಯ ಅಣ್ಣ ಏನನ್ನೂ ಇನ್‌ಸ್ಟಾಲ್ ಮಾಡಲು ಬಿಡುತ್ತಿರಲಿಲ್ಲ. ರೂನ್‌ಸ್ಕೇಪ್ ಬ್ರೌಸರಿನಲ್ಲೇ ಓಡುತ್ತಿತ್ತು, ಜಾವಾ ಎಂಬ ತಂತ್ರಾಂಶ ಒಂದಿದ್ದರೆ ಸಾಕಿತ್ತು. ನಮ್ಮಂಥ ಊರಿನ ಹುಡುಗರಿಗೆ ಅದು ಸಿಕ್ಕಿದ್ದೇ ಹಾಗೆ.

ವಯಸ್ಸಿನ ಪಾಲೂ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಬರೀ ವಯಸ್ಸು ಅಂದುಬಿಟ್ಟರೆ ಆ ಆಟಕ್ಕೆ ಅನ್ಯಾಯವಾಗುತ್ತದೆ. ಆ ಹುಡುಗ ನಿಮ್ಮ ಪಕ್ಕದಲ್ಲಿ ಯಾಕಿದ್ದ ಅಂತ ಒಮ್ಮೆ ಯೋಚಿಸಿ. ಆ ಆಟದಲ್ಲಿ ಪಕ್ಕಕ್ಕೆ ಒಬ್ಬರು ಬೇಕೇ ಬೇಕಿತ್ತು.

ನನ್ನ ಲಾಬ್ಸ್ಟರ್ ಕಥೆ ಹೇಳುತ್ತೇನೆ. ಪೋರ್ಟ್ ಸರೀಮ್ ಬಂದರಿನಲ್ಲಿ 20 ನಾಣ್ಯ ಕೊಟ್ಟು ಬೋನು ತಗೋಬೇಕು. ಹಡಗಿಗೆ 30 ನಾಣ್ಯ ಕೊಟ್ಟು ಕರಾಮ್ಜಾ ದ್ವೀಪಕ್ಕೆ ಹೋಗಬೇಕು. ಮೀನುಗಾರಿಕೆ 40ನೇ ಲೆವೆಲ್ ಆಗಿರಬೇಕು. ಚೀಲದಲ್ಲಿ ಒಟ್ಟು 28 ಜಾಗ. ಬೋನಿಗೊಂದು, ವಾಪಸ್ ಹಡಗಿನ ದುಡ್ಡಿಗೊಂದು ಹೋದರೆ ಉಳಿಯುವುದು 26. ದ್ವೀಪದಲ್ಲಿ ನಮಗೆ ಬ್ಯಾಂಕ್ ಇರಲಿಲ್ಲ. 26 ಲಾಬ್ಸ್ಟರ್ ಹಿಡಿದು, ಮತ್ತೆ ಹಡಗು ಹತ್ತಿ, ಡ್ರೇನರ್ ಹಳ್ಳಿಯ ಬ್ಯಾಂಕಿನವರೆಗೆ ನಡೆದು, ಇಟ್ಟು, ತಿರುಗಿ ಬರಬೇಕು. ಇಡೀ ಸಂಜೆ ಇದೇ ಕೆಲಸ.

ಕೇಳುವವರಿಗೆ ಇದು ಶುದ್ಧ ಬೋರು. ಆದರೆ ಆ ಕಟ್ಟೆಯ ಮೇಲೆ ಹತ್ತು ಹದಿನೈದು ಜನ ಸಾಲಾಗಿ ನಿಂತಿರುತ್ತಿದ್ದರು. ಬೋನು ಹಾಕಿದ ಮೇಲೆ ಕೈಗೆ ಕೆಲಸ ಇಲ್ಲ. ಮಾತು ಬಿಟ್ಟರೆ ಇನ್ನೇನು ಮಾಡುವುದು? ಒಬ್ಬನ ಪರೀಕ್ಷೆ, ಇನ್ನೊಬ್ಬನ ಅಮ್ಮನ ಬೈಗುಳ, ಯಾವುದೋ ಊರಿನ ಹಿಮ. ಅಡುಗೆಯ ಲೆವೆಲ್ ಕಡಿಮೆ ಇದ್ದವನ ಲಾಬ್ಸ್ಟರ್ ಎಲ್ಲ ಸುಟ್ಟು ಕರಕಲಾದರೆ ಪಕ್ಕದವ ತನ್ನದರಲ್ಲೇ ನಾಲ್ಕು ಕೊಡುತ್ತಿದ್ದ. ಕಾರವಾರದ ಬೈತಖೋಲ ಬಂದರಿನಿಂದ ಎರಡು ಕಿಲೋಮೀಟರಿನೊಳಗೆ ಕೂತು ಬೇರೆ ಲೋಕದ ಕಡಲಲ್ಲಿ ಮೀನು ಹಿಡಿಯುತ್ತಿದ್ದೆ. ಅಲ್ಲಿನ ಮಾತೂ ಇಲ್ಲಿನ ದಕ್ಕೆಯ ಮಾತಿನ ಹಾಗೇ ಇರುತ್ತಿತ್ತು.

ಹಿಡಿದದ್ದನ್ನು ಮಾರಲು ಮತ್ತೆ ಜನರ ಹತ್ತಿರವೇ ಹೋಗಬೇಕಿತ್ತು. ವ್ಯಾರಕ್ ಪಟ್ಟಣದ ಬ್ಯಾಂಕಿನ ಮುಂದೆ ನಿಂತು ರೇಟು ಕೂಗುವುದು, ಚೌಕಾಸಿ ಮಾಡುವುದು. 2007ರ ನವೆಂಬರಿನಲ್ಲಿ ಗ್ರಾಂಡ್ ಎಕ್ಸ್‌ಚೇಂಜ್ ಬಂತು. ಸಾಮಾನು ಇಟ್ಟು, ರೇಟು ಬರೆದು ಹೋದರಾಯಿತು, ಯಾರೋ ಎಲ್ಲಿಂದಲೋ ಕೊಂಡುಕೊಳ್ಳುತ್ತಾರೆ. ಬೀದಿಯ ಮೋಸ ಎಷ್ಟೋ ಕಡಿಮೆಯಾಯಿತು. ಆದರೆ ಕೊಂಡವನ ಹೆಸರು ಗೊತ್ತಾಗುವುದು ನಿಂತುಹೋಯಿತು.

ಇನ್ನೊಂದು ಆಟವನ್ನು ನಾನು ತಡವಾಗಿ ಆಡಿದೆ, 1999ರ ಎವರ್‌ಕ್ವೆಸ್ಟ್. ಅಭಿಮಾನಿಗಳೇ 2009ರಲ್ಲಿ ಅದರ ಹಳೆಯ ರೂಪವನ್ನು ಪ್ರಾಜೆಕ್ಟ್ 1999 ಎಂಬ ಸರ್ವರಿನಲ್ಲಿ (ಆಟಗಾರರೆಲ್ಲ ಬಂದು ಸೇರುವ ಕಂಪ್ಯೂಟರಿನಲ್ಲಿ) ಮತ್ತೆ ಶುರುಮಾಡಿದರು. ಅದು ಇನ್ನೂ ಕಠಿಣ. ಆಟದೊಳಗೆ ನಕ್ಷೆ ಇಲ್ಲ. ಸತ್ತರೆ ಕಷ್ಟಪಟ್ಟು ಗಳಿಸಿದ ಅನುಭವದಲ್ಲೂ ಕಡಿತ. ಮೈಮೇಲಿದ್ದದ್ದೆಲ್ಲ ಹೆಣದ ಜೊತೆಗೇ ಉಳಿಯುತ್ತದೆ. ನೀವು ಬರಿಗೈಯಲ್ಲಿ ದೂರದಲ್ಲೆಲ್ಲೋ ಎದ್ದು, ಸತ್ತ ಜಾಗಕ್ಕೇ ನಡೆದು ಹೋಗಿ ತರಬೇಕು.

ಕಿತಿಕೋರ್ ಅಂತ ಒಂದು ಕಾಡು. ಹಗಲು ದಾಟಬಹುದು. ಕತ್ತಲಾದರೆ ಪ್ರೇತಗಳು ಏಳುತ್ತವೆ. ಗೊತ್ತಿಲ್ಲದೆ ನುಗ್ಗಿದೆ, ಸತ್ತೆ. ವಾಪಸ್ ಕಾಡಿನ ಗಡಿಗೆ ಬಂದಾಗ ಇಬ್ಬರು ಕೂತಿದ್ದರು. ಅವರದೂ ನನ್ನ ಕಥೆಯೇ. "ಬೆಳಗಾಗಲಿ" ಅಂದರು. ಆ ಆಟದ ಒಂದು ದಿನ ನಮ್ಮ 72 ನಿಮಿಷ. ಅರ್ಧ ಗಂಟೆಗೂ ಜಾಸ್ತಿ ಸುಮ್ನೆ ಕೂತೆವು. ಬೆಳಕು ಹರಿದ ಮೇಲೆ ಅವರಲ್ಲೊಬ್ಬ ನನ್ನ ಹೆಣ ಎಳೆದು ತರುತ್ತೇನೆ ಅಂದ. ಅದಕ್ಕೆ ನಾನು ಅವನ ಹೆಸರು ಬರೆದು ಅನುಮತಿ ಕೊಡಬೇಕು, ಇಲ್ಲದಿದ್ದರೆ ಆಟ ಎಳೆಯಲು ಬಿಡುವುದಿಲ್ಲ. ಗುರುತು ಪರಿಚಯ ಇಲ್ಲದವನಿಗೆ ನನ್ನ ಹೆಣ ಒಪ್ಪಿಸಿದೆ. ಎಳೆದು ತಂದು ಗಡಿಯ ಹತ್ತಿರ ಹಾಕಿದ. ಆಮೇಲೆ ಎರಡು ವರ್ಷ ನಾವು ಜೊತೆಗೆ ಆಡಿದೆವು.

ದೇವಿಮನೆ ಘಟ್ಟದಲ್ಲಿ ಬಸ್ಸು ಕೆಟ್ಟು ನಿಂತದ್ದು ನಿಮಗೆ ನೆನಪಿರಬೇಕು. ಕುಮಟೆಯಿಂದ ಮಾತಾಡದೆ ಕೂತವರೆಲ್ಲ ಕೆಳಗಿಳಿಯುತ್ತಾರೆ. ಯಾರೋ ಕವಳದ ಸಂಚಿ ಬಿಚ್ಚುತ್ತಾರೆ. ಶಿರಸಿ ಮುಟ್ಟುವಷ್ಟರಲ್ಲಿ ನೆಂಟಸ್ತಿಕೆಯೇ ಹುಟ್ಟಿರುತ್ತದೆ. ಆ ಆಟಗಳು ದಿನಾ ಕೆಟ್ಟು ನಿಲ್ಲುವ ಬಸ್ಸಿನ ಹಾಗಿದ್ದವು.

ಹಾಗಂತ ಬಸ್ಸು ಕೆಡಲಿ ಅಂತ ಯಾರೂ ಹರಕೆ ಹೊರುವುದಿಲ್ಲ, ಅಲ್ವಾ? ಇಲ್ಲಿ ನಿಮ್ಮ ಮಾತಿಗೆ ನನ್ನ ಸ್ವಲ್ಪ ತಕರಾರಿದೆ. "ಕಂಪನಿಗಳು ಆಟ ಹಾಳುಮಾಡಿದವು" ಎಂದು ಬರೆದಿದ್ದೀರಿ. ರೂನ್‌ಸ್ಕೇಪಿನ ಹಳೆಯ ರೂಪ 2013ರಲ್ಲಿ ವಾಪಸ್ ಬಂದಾಗ ಅದರಲ್ಲಿ ಗ್ರಾಂಡ್ ಎಕ್ಸ್‌ಚೇಂಜ್ ಇರಲಿಲ್ಲ. ಹೊಸದೇನು ಬರಬೇಕಾದರೂ ಆಟಗಾರರ ಓಟಿನಲ್ಲಿ ನಾಲ್ಕರಲ್ಲಿ ಮೂರು ಪಾಲು ಬೇಕಿತ್ತು. 2015ರಲ್ಲಿ ಆ ಓಟು ಹಾಕಿ ಅದನ್ನು ತಂದುಕೊಂಡವರು ಯಾರು? ಹಳೆಯದೇ ಬೇಕು ಎಂದು ಬಂದಿದ್ದ ನಮ್ಮಂಥವರೇ. ನಾನೂ ಹೌದು ಅಂತಲೇ ಒತ್ತಿದೆ. ಆ ಹೊತ್ತಿಗೆ ಮನೆ, ಮಗು, ಪತ್ರಿಕೆ ಎಲ್ಲ ಇತ್ತು. ಬ್ಯಾಂಕಿನ ಮುಂದೆ ನಿಂತು ಕೂಗಲು ಪುರುಸೊತ್ತಿರಲಿಲ್ಲ.

ರಂಪಣಿ ಎಂಬ ದೊಡ್ಡ ಬಲೆಯ ಕಥೆಯೂ ಹೀಗೇ. ದೋಣಿಯಲ್ಲಿ ಬಲೆ ಒಯ್ದು ಅರ್ಧ ಸುತ್ತು ಬಿಟ್ಟು, ಎರಡೂ ಕಡೆಯ ಹಗ್ಗವನ್ನು ದಡದಿಂದ ಹತ್ತಾರು ಜನ ಎಳೆಯಬೇಕು. ಹಗ್ಗ ಹಿಡಿದವರಿಗೆ ಬಂಗಡೆಯಲ್ಲಿ ಪಾಲು. ಎಪ್ಪತ್ತರ ದಶಕದಲ್ಲಿ ಪರ್ಸೀನ್ ಬೋಟುಗಳು ಬಂದ ಮೇಲೆ ಮೀನು ಸಮುದ್ರದಲ್ಲೇ ಸಿಕ್ಕಿತು, ದಡದ ಜನ ಬೇಡವಾದರು. ಬೋಟಿನವರ ಮೇಲೆ ಸಿಟ್ಟು ಮಾಡಿ ಏನು ಬಂತು? ಅವರಿಗೂ ಹೊಟ್ಟೆಪಾಡು. ಟಾಗೋರ್ ಕಡಲತೀರದಲ್ಲಿ ಈಗಲೂ ಯಾವತ್ತಾದರೂ ರಂಪಣಿ ಎಳೆಯುತ್ತಾರೆ. ಕಂಡರೆ ನಾನು ಚಪ್ಪಲಿ ಬಿಟ್ಟು ಹಗ್ಗಕ್ಕೆ ಕೈ ಹಾಕುತ್ತೇನೆ.

ಹಳೆಯ ಆಟಕ್ಕೇ ಹೋದರೂ ಒಬ್ಬನೇ ಅನ್ನಿಸಿತು ಅಂದಿರಿ. ಎಲ್ಲರಿಗೂ ಎಲ್ಲವೂ ಮೊದಲೇ ಗೊತ್ತಿರುವುದೂ ಇದಕ್ಕೆ ಕಾರಣ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಇಂಥದೇ ಇನ್ನೊಂದು ಆಟ 2004ರಲ್ಲಿ ಬಂದಾಗ ರಾಗ್ನರಾಸ್ ಎಂಬ ಬೆಂಕಿಯ ರಾಜನನ್ನು ಸೋಲಿಸಲು ತಿಂಗಳುಗಟ್ಟಲೆ ಬೇಕಾಯಿತು. 2019ರಲ್ಲಿ ಅದೇ ಆಟವನ್ನು ಕ್ಲಾಸಿಕ್ ಅಂತ ಮತ್ತೆ ತೆರೆದರು. ವಾರದೊಳಗೆ ಆತ ಸತ್ತ. ದಾರಿ ಕೇಳುವವರೇ ಇಲ್ಲದ ಮೇಲೆ ದಾರಿ ತೋರಿಸುವವರಿಗೇನು ಕೆಲಸ?

ಅದೇ ಆಟದಲ್ಲಿ 2009ರ ಡಿಸೆಂಬರಿನಲ್ಲಿ ಬಂದ ಡಂಜನ್ ಫೈಂಡರ್ ಎಂಬ ಸೌಲಭ್ಯ ಇನ್ನೂ ದೊಡ್ಡ ಪೆಟ್ಟು ಎಂದು ನನ್ನ ಲೆಕ್ಕ. ಬಟನ್ ಒತ್ತಿದರೆ ಬೇರೆ ಬೇರೆ ಸರ್ವರಿನ ಐವರನ್ನು ಕೂಡಿಸಿ ಗವಿಯೊಳಗೇ ಬಿಡುತ್ತದೆ. ಅದಕ್ಕೂ ಮೊದಲು ಗುಂಪಿನಲ್ಲಿ ಒಬ್ಬ ದುರಾಸೆ ಮಾಡಿದರೆ ಆ ಸರ್ವರಿನಲ್ಲಿದ್ದವರಿಗೆಲ್ಲ ಗೊತ್ತಾಗುತ್ತಿತ್ತು. ಒಳ್ಳೆಯವನಿಗೂ ಹೆಸರಿತ್ತು. ನಾಳೆ ಮತ್ತೆ ಎದುರಾಗದವನ ಜೊತೆ ಚೆನ್ನಾಗಿರಲು ಕಾರಣವೇ ಉಳಿಯಲಿಲ್ಲ. ನಿಮ್ಮ ಫಿಲಿಪೀನ್ಸಿನ ಹುಡುಗ ಒಳ್ಳೆಯವನೇ ಇರಬೇಕು. ಜೊತೆಗೆ, ಮರುದಿನ ನೀವು ಅಲ್ಲೇ ಸಿಗುತ್ತೀರಿ ಎಂಬುದೂ ಅವನಿಗೆ ಗೊತ್ತಿತ್ತು.

ಹಾಗಾದರೆ ಈಗೇನು? ಸುಮ್ನೆ ಮೆಲುಕು ಹಾಕುತ್ತ ಕೂರುವುದು ಬೇಡ. ಹಳೆಯ ರೂನ್‌ಸ್ಕೇಪಿನಲ್ಲೇ 2021ರಲ್ಲಿ ಗ್ರೂಪ್ ಐರನ್‌ಮ್ಯಾನ್ ಎಂಬ ಬಗೆ ಬಂದಿದೆ. ಇಬ್ಬರಿಂದ ಐವರವರೆಗೆ ಒಂದು ಗುಂಪು. ಕೊಡುವುದು, ತಗೊಳ್ಳುವುದು ಎಲ್ಲ ಆ ಗುಂಪಿನೊಳಗೆ ಮಾತ್ರ. ಗ್ರಾಂಡ್ ಎಕ್ಸ್‌ಚೇಂಜಿಗೆ ಹೋಗುವ ಹಾಗಿಲ್ಲ. ಕತ್ತಿ ಬೇಕಾದರೆ ಗುಂಪಿನಲ್ಲಿ ಒಬ್ಬ ಕಮ್ಮಾರಿಕೆ ಕಲಿಯಬೇಕು. ಹೋರಾಟದಲ್ಲಿ ತಿಂದು ಚೇತರಿಸಿಕೊಳ್ಳಬೇಕಾದರೆ ಒಬ್ಬ ಮೀನು ಹಿಡಿಯಬೇಕು. ಫೋನಿನಲ್ಲೂ ಆಡಬಹುದು, ಕೆಲಸದವರಿಗೆ ಅದೇ ಅನುಕೂಲ.

ಜೂನ್ 1ರಿಂದ ಎರಡು ತಿಂಗಳು ಇಲ್ಲಿ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವುದಿಲ್ಲ. ನನ್ನ ಭಾವ ಬೋಟಿನವನು, ಆಗ ಅವನಿಗೆ ರಜೆ. ಅವನೂ ನಾನೂ ಹೊಸ ಅಕೌಂಟ್ ಮಾಡಿ ಶುರುಮಾಡುವವರಿದ್ದೇವೆ. ಆಟದಲ್ಲೂ ಲಾಬ್ಸ್ಟರ್ ಹಿಡಿಯುವ ಕೆಲಸ ತನಗೇ ಬೇಕಂತೆ. ನಾನು ಗಣಿ, ಕಮ್ಮಾರಿಕೆ ನೋಡಿಕೊಳ್ಳುತ್ತೇನೆ. ಬೇಯಿಸುವವರು ಇನ್ನೂ ಸಿಕ್ಕಿಲ್ಲ. ನಿಮಗೆ ಅಡುಗೆಯಲ್ಲಿ ಎಷ್ಟು ಲೆವೆಲ್ ಇತ್ತು ಎಂದು ಪತ್ರದಲ್ಲಿ ಬರೆದಿಲ್ಲ. ಪತ್ರಿಕೆಯ ವಿಳಾಸಕ್ಕೇ ಒಂದು ಕಾರ್ಡು ಹಾಕಿ.