ಟಿಡಿಎಸ್ 30 ಇದ್ದರೆ ಮಳೆನೀರು ಕುಡಿಯಬಹುದಾ?

ಪ್ರಶ್ನೆ: ನಮ್ಮದು ಪಾವಗಡ ತಾಲ್ಲೂಕಿನ ಹಳ್ಳಿ. ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ ಅಂತ ತಾರಸಿಯ ಮಳೆನೀರನ್ನು ಸಂಪಿಗೆ ಬಿಟ್ಟುಕೊಂಡಿದ್ದೇವೆ. ನೀರು ತಿಳಿಯಾಗಿದೆ, ಟಿಡಿಎಸ್ ಮೀಟರ್ 30 ತೋರಿಸುತ್ತದೆ. ಹಾಗೇ ಕುಡಿಯಬಹುದಾ?

ಉತ್ತರ: ಹಾಗೇ ಬೇಡ. ಮಳೆನೀರಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ, ಆ ಲೆಕ್ಕದಲ್ಲಿ ನೀವು ಮಾಡಿದ್ದು ಒಳ್ಳೆಯ ಕೆಲಸ. ಆದರೆ ಟಿಡಿಎಸ್ ಮೀಟರ್ ಹೇಳುವುದು ನೀರಲ್ಲಿ ಕರಗಿದ ಲವಣ ಎಷ್ಟು ಅಂತ ಮಾತ್ರ. ತಾರಸಿ ಮೇಲೆ ಪಾರಿವಾಳ ಹಾಕಿದ ಹಿಕ್ಕೆ ಸಂಪಿಗೆ ಇಳಿದಿದ್ದರೂ ಅದು 30 ಅಂತಲೇ ತೋರಿಸೀತು! ಅಂಗಡಿಯವರು ಈ ಮೀಟರ್ ಅದ್ದಿ 'ಶುದ್ಧ ನೀರು' ಅಂದರೆ ಸುಮ್ನೆ ನಂಬಬೇಡಿ.

ನೀವು ನೋಡಬೇಕಾದ್ದು ರೋಗಾಣು. ಅದಕ್ಕೆ ಎಚ್‌ಟುಎಸ್ ಬಾಟಲಿ ಅಂತ ಸಿಗುತ್ತದೆ, 1982ರಲ್ಲಿ ಗ್ವಾಲಿಯರ್‌ನ ರಕ್ಷಣಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ವಿವರಿಸಿದ ಸುಲಭದ ಪರೀಕ್ಷೆ. ಕೈ ತೊಳೆದುಕೊಂಡು, ಮುಚ್ಚಳದ ಒಳಭಾಗ ಮುಟ್ಟದೆ, ಗೆರೆಯವರೆಗೆ ನೀರು ತುಂಬಿಸಿ, ಬೆಚ್ಚಗಿನ ಜಾಗದಲ್ಲಿಡಿ. ಒಂದೆರಡು ದಿನದಲ್ಲಿ ನೀರು ಕಪ್ಪಾದರೆ ಮಲದ ರೋಗಾಣು ಸೇರಿರುವ ಸಾಧ್ಯತೆ ಇದೆ ಅಂತ ಅರ್ಥ, ಬೇಗ ಕಪ್ಪಾದಷ್ಟೂ ಕೊಳೆ ಜಾಸ್ತಿ. ಕ್ಲೋರಿನ್ ಹಾಕಿದ ಮೇಲೆ ಈ ಪರೀಕ್ಷೆ ಮಾಡಿದರೆ ಸಂಪಿನ ನಿಜಸ್ಥಿತಿ ಗೊತ್ತಾಗುವುದಿಲ್ಲ, ಮೊದಲೇ ಮಾಡಿ. ಜಲಜೀವನ ಮಿಷನ್‌ನಲ್ಲಿ ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ಕಿಟ್‌ನಲ್ಲಿ ನೀರು ಪರೀಕ್ಷಿಸುವ ತರಬೇತಿ ಕೊಡಬೇಕು ಅಂತಿದೆ, ನಿಮ್ಮೂರಲ್ಲಿ ಯಾರು ಅಂತ ಪಂಚಾಯಿತಿಯಲ್ಲಿ ಕೇಳಿ.

ಕಪ್ಪಾದರೆ ಗಾಬರಿ ಬೇಡ. ಕುಡಿಯುವ ನೀರನ್ನು ಕೊತಕೊತ ಕುದಿಸಿ, ಗುಳ್ಳೆ ಎದ್ದ ಮೇಲೂ ಒಂದು ನಿಮಿಷ ಬಿಟ್ಟು ಇಳಿಸಿ. ಜೊತೆಗೆ ಕೊಳೆ ಬಂದ ದಾರಿ ಹುಡುಕಿ: ಮೊದಲ ಮಳೆಯ ನೀರನ್ನು ಹೊರಗೆ ಬಿಡುವ ಪೈಪಿನ ಬಿರಡೆ ತೆಗೆದಿದ್ದಿರಾ, ಸಂಪಿನ ಮುಚ್ಚಳದ ಸಂದಿಯಲ್ಲಿ ಹಲ್ಲಿ, ಇಲಿ ನುಗ್ಗುತ್ತವಾ, ಬಚ್ಚಲ ನೀರು ಪಕ್ಕದಲ್ಲೇ ಇಂಗುತ್ತದಾ? ಬಹುತೇಕ ಸಲ ತಪ್ಪು ಇಲ್ಲೇ ಇರುತ್ತದೆ, ಮಳೆಯಲ್ಲಲ್ಲ.

ಬಾಟಲಿ ಕಪ್ಪಾಗದಿದ್ದರೂ ವರ್ಷಕ್ಕೊಮ್ಮೆ ಪ್ರಯೋಗಾಲಯಕ್ಕೆ ಕೊಡಿ. ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮಾನದಂಡದ ಪ್ರಕಾರ 100 ಮಿಲಿ ಕುಡಿಯುವ ನೀರಲ್ಲಿ ಮಲದಿಂದ ಬರುವ ಇ-ಕೋಲಿ ಬ್ಯಾಕ್ಟೀರಿಯಾ ಒಂದೂ ಸಿಗಬಾರದು. ತಂಪುಪಾನೀಯದ ಹಳೇ ಬಾಟಲಿ ಒಯ್ಯಬೇಡಿ, ಅವರೇ ಕೊಡುವ ಶುದ್ಧ ಬಾಟಲಿಯಲ್ಲಿ ನೀರು ಹಿಡಿದು, ಐಸ್ ಜೊತೆ ಇಟ್ಟು, ಅವತ್ತೇ ತಲುಪಿಸಿ.