ಮನೆಯಲ್ಲಿ ಲೆಕ್ಕಕ್ಕಿಲ್ಲದವನು ಅಲ್ಲಿ ಸಂಚಾಲಕ

ಪ್ರಶ್ನೆ: ನನ್ನ ತಮ್ಮನಿಗೆ 24 ವರ್ಷ. ಪದವಿ ಮುಗಿಸಿ ಎರಡು ಸಲ ನೇಮಕಾತಿ ಪರೀಕ್ಷೆ ಬರೆದ, ಎರಡು ಸಲವೂ ಆಯ್ಕೆಪಟ್ಟಿಯಲ್ಲಿ ಹೆಸರು ಬರಲಿಲ್ಲ. ಆಮೇಲೆ ಒಂದು ಗುಂಪಿನ ಸಹವಾಸಕ್ಕೆ ಬಿದ್ದ. ಈಗ ಬಾಯಿ ತೆರೆದರೆ ‘ನಮ್ಮವರು’, ‘ದ್ರೋಹಿಗಳು’, ‘ಕಾಲ ಹತ್ತಿರ ಬಂತು’ ಎಂಬ ಮಾತೇ. ಅಲ್ಲಿ ಅವನನ್ನು ‘ಸಂಚಾಲಕ’ ಎನ್ನುತ್ತಾರಂತೆ. ಅಪ್ಪ ದಿನವೂ ವಾದಕ್ಕೆ ಕೂರುತ್ತಾರೆ. ‘ಅದನ್ನೆಲ್ಲ ಬಿಡು, ಬೈಕ್ ಕೊಡಿಸುತ್ತೇನೆ’ ಎಂದೂ ಹೇಳಿ ನೋಡಿದರು. ಅಂದಿನಿಂದ ಅಪ್ಪನ ಜೊತೆ ಮಾತು ಬಿಟ್ಟಿದ್ದಾನೆ. ಹಿಂದೆ ಎಷ್ಟು ಒಳ್ಳೆಯ ಹುಡುಗನೆಂದರೆ, ಮನೆಯಲ್ಲಿ ಇದ್ದಾನೋ ಇಲ್ಲವೋ ಎಂಬುದೇ ಗೊತ್ತಾಗುತ್ತಿರಲಿಲ್ಲ. ಯಾರೋ ತಲೆ ಕೆಡಿಸಿದ್ದಾರೆ. ಸರಿಪಡಿಸುವುದು ಹೇಗೆ?
– ಒಬ್ಬ ಅಕ್ಕ

ಉತ್ತರ: ಇದ್ದಾನೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ ಎಂಬುದನ್ನು ನೀವು ಮೆಚ್ಚುಗೆಯಾಗಿ ಬರೆದಿದ್ದೀರಿ, ತಾಯಿ. ನಾನು ಆ ಸಾಲನ್ನು ಎರಡು ಸಲ ಓದಿದೆ. ನಾವು ಒಳಗೆ ಬಂದಾಗ ಯಾರೂ ತಿರುಗಿ ನೋಡದೆ, ಮಾತಾಡಿದರೆ ಉತ್ತರಿಸದೆ, ಏನು ಮಾಡಿದರೂ ಗಮನಿಸದೆ ಇದ್ದುಬಿಟ್ಟರೆ ಒಳಗೊಳಗೇ ಎಂಥ ರೋಷ, ಹತಾಶೆ ಉಕ್ಕುತ್ತದೆಂದರೆ, ಅದರ ಮುಂದೆ ಮೈಮೇಲಿನ ಚಿತ್ರಹಿಂಸೆಯೇ ವಾಸಿ ಎನಿಸೀತು ಎಂದು ಅಮೆರಿಕದ ಮನೋವಿಜ್ಞಾನಿ ವಿಲಿಯಂ ಜೇಮ್ಸ್ 1890ರಲ್ಲೇ ಬರೆದಿದ್ದ. ನಿಮ್ಮ ಮನೆಯವರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಗಲಾಟೆ ಮಾಡದ ಮಕ್ಕಳು ಎಲ್ಲ ಮನೆಗಳಲ್ಲೂ ಹೀಗೆಯೇ ಕಣ್ಮರೆಯಾಗುತ್ತಾರೆ. ಪರೀಕ್ಷೆಯಲ್ಲಿ ಎರಡು ಸಲ ಬಿದ್ದವರಂತೂ ನೆಂಟರ ಕಣ್ಣಿಗೂ ಕಾಣುವುದಿಲ್ಲ, ಕಂಡರೆ ‘ಈಗೇನು ಮಾಡಿಕೊಂಡಿದ್ದೀಯಪ್ಪ?’ ಎಂಬ ಒಂದೇ ಪ್ರಶ್ನೆಗೆ ಗುರಿಯಾಗುತ್ತಾರೆ.

ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಆರೀ ಕ್ರುಗ್ಲಾನ್‌ಸ್ಕಿ ಮತ್ತು ಸಂಗಡಿಗರು ಉಗ್ರವಾದವನ್ನು ಅರ್ಥ ಮಾಡಿಕೊಳ್ಳಲು ಹೊರಟಾಗ ಈ ಎಳೆಯನ್ನೇ ಹಿಡಿದರು. ನಾನೂ ಲೆಕ್ಕಕ್ಕೆ ಬರುವವನು, ನಾನಿಲ್ಲದಿದ್ದರೆ ಏನೋ ಕೊರತೆಯಾಗುತ್ತದೆ ಎಂಬ ಭಾವನೆ ಪ್ರತಿಯೊಬ್ಬರಿಗೂ ಬೇಕು. ಅವಮಾನದಿಂದಲೋ ಸೋಲಿನಿಂದಲೋ ಅದಕ್ಕೆ ಪೆಟ್ಟು ಬಿದ್ದಾಗ ಮನುಷ್ಯ ಅದನ್ನು ಮತ್ತೆ ಪಡೆಯುವ ದಾರಿ ಹುಡುಕುತ್ತಾನೆ. ಆದರೆ ಆ ಹಸಿವೊಂದೇ ಯಾರನ್ನೂ ಉಗ್ರನನ್ನಾಗಿ ಮಾಡುವುದಿಲ್ಲ. ‘ನಿನ್ನ ಸೋಲಿಗೆ ಇಂಥವರು ಕಾರಣ, ಅವರ ಮೇಲೆ ಬಿದ್ದರೆ ನೀನು ವೀರ’ ಎಂದು ಹೇಳುವ ಒಂದು ಕಥನ ಬೇಕು. ಅದನ್ನು ಹೌದೆನ್ನುವ, ನಂಬಿದವನ ಬೆನ್ನು ತಟ್ಟುವ ಒಂದು ಬಳಗವೂ ಬೇಕು. ಈ ಮೂರೂ ಕೂಡಿದಲ್ಲಿ ಅಪಾಯ.

ಈಗ ನಿಮ್ಮ ತಮ್ಮನ ಸ್ಥಾನದಲ್ಲಿ ನಿಂತು ನೋಡಿ. ಪಟ್ಟಿಯಲ್ಲಿ ಹೆಸರು ಬಾರದವನಿಗೆ ಅಲ್ಲಿ ಹೆಸರಿನ ಜೊತೆ ಹುದ್ದೆಯೂ ಸಿಕ್ಕಿದೆ. ಅವನು ಸಂದೇಶ ಕಳಿಸದಿದ್ದರೆ ‘ಯಾಕೆ, ಹುಷಾರಿಲ್ಲವೇ?’ ಎಂದು ವಿಚಾರಿಸುವವರು ಅಲ್ಲಿರುತ್ತಾರೆ. ಇಂಥ ಗುಂಪುಗಳನ್ನು ಕಟ್ಟುವವರು ಈ ವಿಷಯದಲ್ಲಿ ನಮಗಿಂತ ಜಾಣರು ಎಂದು ಒಪ್ಪಿಕೊಳ್ಳಲು ನನಗೆ ಹೊಟ್ಟೆ ಉರಿಯುತ್ತದೆ, ಆದರೂ ಅದು ನಿಜ. ಮಾರ್ಕ್ ಸೇಜ್‌ಮನ್ ಎಂಬ ಮನೋವೈದ್ಯ ಜಾಗತಿಕ ಜಿಹಾದಿ ಜಾಲದ 172 ಮಂದಿಯ ಬದುಕನ್ನು ಕಲೆಹಾಕಿ 2004ರಲ್ಲಿ ಪ್ರಕಟಿಸಿದ. ಅವರಲ್ಲಿ ಹೆಚ್ಚಿನವರು ಒಳಗೆ ಹೋದದ್ದು ಗೆಳೆತನ ಅಥವಾ ನೆಂಟಸ್ತಿಕೆಯ ಬಾಗಿಲಿನಿಂದ. ಮೊದಲು ಸ್ನೇಹ, ಸಿದ್ಧಾಂತ ಗಟ್ಟಿಯಾದದ್ದು ಆಮೇಲೆ.

ನಿಮ್ಮ ತಂದೆಯ ವಾದಗಳು ನಾಟದಿರುವುದಕ್ಕೆ ಕಾರಣ ಇದೇ. ಅವರು ಸಿದ್ಧಾಂತದ ಜೊತೆ ಜಗಳವಾಡುತ್ತಿದ್ದಾರೆ, ಹುಡುಗನ ಕಿವಿಗೆ ಬೀಳುವುದು ‘ನಿನಗೆ ಬುದ್ಧಿಯಿಲ್ಲ’ ಎಂಬುದು ಮಾತ್ರ. ಇನ್ನು ಬೈಕಿನ ಆಮಿಷ. ಜೆರೆಮಿ ಗಿಂಜಸ್, ಸ್ಕಾಟ್ ಅಟ್ರಾನ್ ಮುಂತಾದ ಸಂಶೋಧಕರು ಇಸ್ರೇಲಿ ವಸಾಹತುಗಾರರು ಮತ್ತು ಪ್ಯಾಲೆಸ್ತೀನಿಯರ ನಡುವೆ ಮಾಡಿದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ತಾವು ಪವಿತ್ರವೆಂದು ನಂಬಿದ್ದನ್ನು ಬಿಟ್ಟುಕೊಡುವ ಒಪ್ಪಂದಕ್ಕೆ ಹಣದ ಲಾಭವನ್ನು ಸೇರಿಸಿದಾಗ ಜನ ತಣ್ಣಗಾಗಲಿಲ್ಲ, ಅವರ ಸಿಟ್ಟು ಇನ್ನಷ್ಟು ಏರಿತು. ಎದುರಿನವರೂ ತಮಗೆ ಪ್ರಿಯವಾದ ಯಾವುದನ್ನಾದರೂ ಬಿಟ್ಟುಕೊಡುತ್ತಾರೆ ಎಂದಾಗ ಮಾತ್ರ ಸ್ವಲ್ಪ ಮೆತ್ತಗಾದರು. ಬೈಕ್ ಕೊಡಿಸುತ್ತೇನೆ ಎಂದಾಗ ನಿಮ್ಮ ತಂದೆ ತಮಗೆ ತಿಳಿಯದೆಯೇ ಹುಡುಗನ ನಂಬಿಕೆಗೆ ಬೆಲೆ ಕಟ್ಟಿದರು.

ಹಾಗಾದರೆ ಏನು ಮಾಡಬೇಕು? ವಾದ ನಿಲ್ಲಿಸಿ. ಆದರೆ ಅವನ ದ್ವೇಷದ ಮಾತಿಗೆ ಹೂಂಗುಟ್ಟಬೇಡಿ. ‘ಇದು ನನಗೆ ಒಪ್ಪಿಗೆಯಿಲ್ಲ’ ಎಂದು ಒಂದು ಸಲ ಹೇಳಿ ಸುಮ್ಮನಾಗಿ. ಆಮೇಲೆ ಅವನಿಗೆ ಒಂದು ನಿಜವಾದ ಜವಾಬ್ದಾರಿ ಕೊಡಿ. ನಿಜವಾದದ್ದು ಎಂದರೆ, ಅವನು ಮಾಡದಿದ್ದರೆ ಕೆಲಸ ನಿಲ್ಲುವಂಥದ್ದು. ಮನೆಯ ರಿಪೇರಿ ಇದ್ದರೆ ಲೆಕ್ಕಪತ್ರ, ಕೆಲಸದವರ ಜೊತೆ ಮಾತುಕತೆ, ಕೊನೆಯ ತೀರ್ಮಾನ ಎಲ್ಲವೂ ಅವನದೇ ಆಗಲಿ. ತಪ್ಪಾದರೂ ಕಸಿದುಕೊಳ್ಳಬೇಡಿ. ಗುಂಪಿಗೆ ಸೇರುವ ಮುಂಚಿನ ಗೆಳೆಯರು ಯಾರಾದರೂ ಇದ್ದರೆ ಅವರನ್ನು ಹುಡುಕಿ. ಡೆನ್ಮಾರ್ಕಿನ ಆರ್ಹುಸ್ ನಗರದಲ್ಲಿ ಪೊಲೀಸರು ಮತ್ತು ನಗರಾಡಳಿತ ಸೇರಿ ಇಂಥ ಯುವಕರಿಗೆ ಒಬ್ಬೊಬ್ಬ ಮಾರ್ಗದರ್ಶಿಯನ್ನು ಗೊತ್ತು ಮಾಡಿ, ಓದು, ಕೆಲಸ, ಮನೆಯ ತೊಡಕುಗಳಲ್ಲಿ ಜೊತೆ ನಿಲ್ಲುವ ಏರ್ಪಾಡು ಮಾಡಿಕೊಂಡಿದ್ದಾರೆ. ನಿಮ್ಮಲ್ಲಿ ಆ ಮಾರ್ಗದರ್ಶಿ ಸೋದರಮಾವನೂ ಆಗಬಹುದು, ಹಳೆಯ ಮೇಷ್ಟರೂ ಆಗಬಹುದು. ಅಪ್ಪ ಮಾತ್ರ ಸದ್ಯಕ್ಕೆ ಬೇಡ.

ಪ್ರಶ್ನೆ: ಅವಮಾನ, ಹಸಿವು ಎಂದೆಲ್ಲ ಹೇಳಿ ನೀವು ಹಿಂಸಾಚಾರಿಗಳಿಗೆ ನೆಪ ಒದಗಿಸುತ್ತಿಲ್ಲವೇ? ನಾನೂ ಬಡತನ ಕಂಡಿದ್ದೇನೆ, ಅವಮಾನ ನುಂಗಿದ್ದೇನೆ. ಬಾಂಬು ಕಟ್ಟಿಕೊಂಡು ಹೋಗಲಿಲ್ಲ.
– ನಿವೃತ್ತ ನೌಕರ

ಉತ್ತರ: ಹೋಗಲಿಲ್ಲ, ಕೋಟಿಗಟ್ಟಲೆ ಜನ ಹೋಗುವುದಿಲ್ಲ. ನಿಮ್ಮ ಸಿಟ್ಟು ನ್ಯಾಯವಾದದ್ದೇ. ಬಡತನವೇ ಭಯೋತ್ಪಾದನೆಯ ಬೇರು ಎಂಬ ಮಾತಂತೂ ನಿಲ್ಲುವುದಿಲ್ಲ. ಅರ್ಥಶಾಸ್ತ್ರಜ್ಞ ಆ್ಯಲನ್ ಕ್ರೂಗರ್ ಮತ್ತು ಸಂಶೋಧಕಿ ಯಿಟ್ಕಾ ಮಲೆಚ್ಕೊವಾ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಡತನಕ್ಕಾಗಲಿ ಕಡಿಮೆ ಓದಿಗಾಗಲಿ ಅಂಥ ನೇರ ನಂಟು ಸಿಗಲಿಲ್ಲ. ಉಗ್ರ ಅಭಿಪ್ರಾಯ ಇದ್ದವರಲ್ಲೂ ಬಹುಪಾಲು ಜನ ಕೈ ಎತ್ತುವುದಿಲ್ಲ. ಅಭಿಪ್ರಾಯ ಒಂದು, ಕೃತ್ಯ ಇನ್ನೊಂದು, ಎರಡನ್ನೂ ಬೆರೆಸಬಾರದು ಎಂದು ಮನೋವಿಜ್ಞಾನಿಗಳಾದ ಕ್ಲಾರ್ಕ್ ಮೆಕಾಲಿ ಮತ್ತು ಸೋಫಿಯಾ ಮೊಸ್ಕಲೆಂಕೊ ಒತ್ತಿ ಹೇಳಿದ್ದಾರೆ.

ಆದರೆ ಕಾರಣ ಹೇಳುವುದಕ್ಕೂ ಕ್ಷಮಿಸುವುದಕ್ಕೂ ವ್ಯತ್ಯಾಸವಿದೆ. ಮಡಕೆ ಒಡೆದೋ, ಬಟ್ಟೆ ಹರಿದುಕೊಂಡೋ, ಕತ್ತೆಯ ಮೇಲೆ ಕೂತೋ, ಹೇಗಾದರೂ ಹೆಸರು ಮಾಡು ಎಂಬ ಹಳೆಯ ಸುಭಾಷಿತವನ್ನು ನಾವೆಲ್ಲ ನಗುತ್ತಾ ಹೇಳಿಕೊಳ್ಳುತ್ತೇವೆ. ಕ್ರಿ.ಪೂ. 356ರಲ್ಲಿ ಹೆರೊಸ್ಟ್ರಾಟಸ್ ಎಂಬವನು ಪ್ರಾಚೀನ ಗ್ರೀಕ್ ನಗರ ಎಫೆಸಸ್ಸಿನ ಆರ್ಟೆಮಿಸ್ ದೇವತೆಯ ದೇಗುಲಕ್ಕೆ ಬೆಂಕಿ ಇಟ್ಟದ್ದು ಬರೀ ಹೆಸರಿಗಾಗಿ ಎಂದು ಪ್ರಾಚೀನರು ಬರೆದಿಟ್ಟಿದ್ದಾರೆ. ಅವನ ಹೆಸರನ್ನು ಯಾರೂ ಎತ್ತಕೂಡದೆಂದು ಊರವರು ಕಟ್ಟಪ್ಪಣೆ ಮಾಡಿದರು. ಈಗ ನಾನೂ ಎತ್ತಿದೆ, ನೋಡಿ. ಅದೇ ಹಸಿವು ಇನ್ನೊಬ್ಬನನ್ನು ಪ್ರವಾಹದ ನೀರಿಗೆ ಹಾರಿ ಜನರನ್ನು ಎಳೆದು ತರುವಂತೆ ಮಾಡುತ್ತದೆ. ನೀರಿಗೆ ಹಾರುವುದೋ ಬೆಂಕಿ ಇಡುವುದೋ ಎಂಬ ಆಯ್ಕೆ ಅವನವನದು, ಅದರ ಹೊಣೆಯೂ ಅವನವನದೇ.

ಹಸಿವನ್ನು ತಿಳಿದುಕೊಂಡರೆ ಉಪಯೋಗವೂ ಇದೆ. 2009ರಲ್ಲಿ ಶ್ರೀಲಂಕಾದ ಯುದ್ಧ ಮುಗಿದ ಮೇಲೆ ಎಲ್‌ಟಿಟಿಇಯ ಹನ್ನೊಂದು ಸಾವಿರಕ್ಕೂ ಹೆಚ್ಚು ಮಾಜಿ ಸದಸ್ಯರನ್ನು ಪುನರ್ವಸತಿ ಶಿಬಿರಗಳಲ್ಲಿ ಇರಿಸಿ ವೃತ್ತಿ ತರಬೇತಿ, ಓದು, ಕಲೆ ಇತ್ಯಾದಿ ಕಲಿಸಲಾಯಿತು. ಕ್ರುಗ್ಲಾನ್‌ಸ್ಕಿಯವರ ತಂಡ ಅಲ್ಲಿ ಅಧ್ಯಯನ ಮಾಡಿದಾಗ, ಈ ಸೌಲಭ್ಯ ಪೂರ್ತಿಯಾಗಿ ದೊರೆತವರಲ್ಲಿ ತಾನು ಅಲ್ಪ ಎಂಬ ಭಾವನೆ ಇಳಿದಂತೆ ಉಗ್ರ ನಿಲುವೂ ಇಳಿದದ್ದು ಕಂಡಿತು. ವಿಚಾರಣೆಯಿಲ್ಲದೆ ಜನರನ್ನು ಕೂಡಿಹಾಕಿದ್ದನ್ನು ಮಾನವ ಹಕ್ಕುಗಳ ಸಂಘಟನೆಗಳು ಟೀಕಿಸಿದವು, ಆ ಟೀಕೆಯಲ್ಲಿ ಹುರುಳಿದೆ. ಕೂಡಿಹಾಕಿದವರೇ ಗೌರವ ಕಲಿಸಿದರು ಎಂಬುದು ನನಗೂ ಗಂಟಲಲ್ಲಿ ಇಳಿಯುವುದಿಲ್ಲ. ಆದರೂ ಫಲಿತಾಂಶವನ್ನು ತಳ್ಳಿಹಾಕಲಾರೆ.

ಪ್ರಶ್ನೆ: ಮೊಬೈಲಿನಲ್ಲಿ ನಾನು ಸಾಧಾರಣ ವಿಷಯ ಬರೆದರೆ ಯಾರೂ ಕೇಳುವುದಿಲ್ಲ. ಯಾರನ್ನಾದರೂ ಬೈದು ಬರೆದರೆ ನೂರಾರು ಮೆಚ್ಚುಗೆ. ಬರಬರುತ್ತಾ ಬೈಯುವುದೇ ಅಭ್ಯಾಸವಾಗಿದೆ. ನಾನೂ ಆ ದಾರಿಯಲ್ಲಿದ್ದೇನೆಯೇ?
– ಹೆಸರು ಬೇಡ

ಉತ್ತರ: ಕೇಳಿಕೊಂಡಿರುವುದರಿಂದ ಇನ್ನೂ ದೂರ ಹೋಗಿಲ್ಲ ಎನ್ನೋಣ. ಮನೋವಿಜ್ಞಾನಿ ಕಿಪ್ಲಿಂಗ್ ವಿಲಿಯಮ್ಸ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 62 ದೇಶಗಳ 1,486 ಜನ ಕಂಪ್ಯೂಟರಿನ ಪರದೆಯ ಮೇಲೆ ಹಾರುವ ತಟ್ಟೆ ಎಸೆದಾಡುವ ಒಂದು ಸಪ್ಪೆ ಆಟ ಆಡಿದರು. ತಟ್ಟೆ ತಮ್ಮ ಕಡೆ ಬಾರದಾದಾಗ, ಮುಖ ಕಾಣದ ಅಪರಿಚಿತರು ಕೈಬಿಟ್ಟರೆಂದು ಅವರಿಗೆ ನೋವಾಯಿತು. ಮುಂದೆ ಚೆಂಡೆಸೆತದ ಇಂಥದೇ ಪ್ರಯೋಗವೊಂದರಲ್ಲಿ ಜೊತೆಗಾರರು ಜನಾಂಗದ್ವೇಷಿ ಸಂಘಟನೆಯವರು ಎಂದು ಹೇಳಿದಾಗಲೂ ನೋವು ಕಡಿಮೆಯಾಗಲಿಲ್ಲ. ತಾವು ಅಸಹ್ಯಪಡುವವರೂ ಚೆಂಡು ಎಸೆಯಬೇಕೆಂದು ಮನಸ್ಸು ಬಯಸುತ್ತದೆ! ನಿಮ್ಮ ನೂರಾರು ಮೆಚ್ಚುಗೆಗಳ ಬೆಲೆ ಎಷ್ಟೆಂದು ಇದರ ಮೇಲೆ ಊಹಿಸಿ. ಒಂದು ಪರೀಕ್ಷೆ ಮಾಡಿ: ನಿಮ್ಮ ಬಳಗದವರು ಯಾರನ್ನೋ ಬೈಯುತ್ತಿರುವಾಗ ‘ಇದಕ್ಕೆ ಆಧಾರವೇನು?’ ಎಂದು ವಿನಯವಾಗಿ ಕೇಳಿ. ನಿನ್ನೆಯ ಅಭಿಮಾನಿಗಳಲ್ಲಿ ಎಷ್ಟು ಮಂದಿ ಉಳಿಯುತ್ತಾರೆ ಎಣಿಸಿ.

ಪ್ರಶ್ನೆ: ನನ್ನ ಸ್ನೇಹಿತ ಮೊದಲು ಬರೀ ಮಾತಾಡುತ್ತಿದ್ದ. ಈಗ ‘ಸದ್ಯದಲ್ಲೇ ಎಲ್ಲರಿಗೂ ನನ್ನ ಹೆಸರು ಗೊತ್ತಾಗುತ್ತದೆ’ ಎನ್ನುತ್ತಿದ್ದಾನೆ. ಪೊಲೀಸರಿಗೆ ಹೇಳಿದರೆ ದ್ರೋಹವಾಗುತ್ತದೆಯೇ?
– ಗೊಂದಲದಲ್ಲಿರುವವ

ಉತ್ತರ: ಹೇಳಿ, ಇವತ್ತೇ. ಸಂಶೋಧಕ ಪಾಲ್ ಗಿಲ್ ಮತ್ತು ಸಂಗಡಿಗರು ಒಂಟಿಯಾಗಿ ದಾಳಿಗಿಳಿದ 119 ಮಂದಿಯ ವಿವರಗಳನ್ನು ಪರಿಶೀಲಿಸಿದಾಗ, ಅರ್ಧಕ್ಕಿಂತ ಹೆಚ್ಚು ಪ್ರಕರಣಗಳಲ್ಲಿ ಮನೆಯವರಿಗೋ ಸ್ನೇಹಿತರಿಗೋ ಉದ್ದೇಶ ಮೊದಲೇ ತಿಳಿದಿತ್ತು. ಅವನು ನಿಮ್ಮ ಮುಂದೆ ಆಡಿದ ಮಾತನ್ನು ತೇದಿ ಹಾಕಿ ಬರೆದಿಟ್ಟುಕೊಳ್ಳಿ, ಆಯುಧ, ಜಾಗ, ದಿನ ಏನಾದರೂ ಬಾಯಿಬಿಟ್ಟಿದ್ದರೆ ಅದನ್ನೂ ಸೇರಿಸಿ. ಒಬ್ಬರೇ ಹೋಗಿ ಅವನನ್ನು ತಡೆಯುವ ಸಾಹಸ ಮಾಡಬೇಡಿ. ನನಗೆ ಮತ್ತೆ ಪತ್ರ ಬರೆದು ಉತ್ತರಕ್ಕೆ ಕಾಯುವುದೂ ಬೇಡ, ಈ ಸಂಚಿಕೆ ನಿಮ್ಮ ಕೈ ಸೇರುವ ಹೊತ್ತಿಗೇ ತಡವಾಗಿದೆ.