ಇರಾನಿನವರ ಪ್ರತ್ಯೇಕತೆಗೆ ಶಿಯಾ ಪಂಥವೇ ಕಾರಣವೇ?

ಪ್ರಶ್ನೆ: ನಮ್ಮೂರಿನಲ್ಲಿ ಮೊಹರಂ ಬಂದರೆ ಅಲಾಯಿ ದೇವರ ಮುಂದೆ ಎಲ್ಲ ಜಾತಿಯವರೂ ಸೇರುತ್ತೇವೆ. ಇರಾನಿನಲ್ಲಿಯೂ ಮೊಹರಂ ಬಹಳ ದೊಡ್ಡದೆಂದು ಓದಿದ್ದೇನೆ. ಇರಾನಿನವರು ಮುಸ್ಲಿಮರಾಗಿದ್ದರೂ ತಮ್ಮನ್ನು ಅರಬರೊಂದಿಗೆ ಸೇರಿಸಿ ಮಾತನಾಡಿದರೆ ಒಪ್ಪುವುದಿಲ್ಲವಂತೆ. ಅವರು ಶಿಯಾಗಳಾಗಿರುವುದೇ ಇದಕ್ಕೆ ಕಾರಣವೇ?
— ಓದುಗರೊಬ್ಬರು, ಮುದಗಲ್, ರಾಯಚೂರು ಜಿಲ್ಲೆ

ಉತ್ತರ: ಶಿಯಾ ಪಂಥವೂ ಒಂದು ಕಾರಣ, ಆದರೆ ಅದು ಮೊದಲನೆಯದಲ್ಲ. 1501ರಲ್ಲಿ ಸಫವಿ ದೊರೆ ಶಾ ಇಸ್ಮಾಯಿಲ್ ತಬ್ರೀಜಿನಲ್ಲಿ ಪಟ್ಟಕ್ಕೆ ಬಂದು, ಹನ್ನೆರಡು ಇಮಾಮರನ್ನು ನಂಬುವ ಶಿಯಾ ಪಂಥವನ್ನು ರಾಜ್ಯಧರ್ಮವೆಂದು ಸಾರುವವರೆಗೆ ಇರಾನಿನ ಹೆಚ್ಚಿನ ಜನ ಸುನ್ನಿಗಳಾಗಿದ್ದರು. ‘ನಾವು ಇರಾನಿನವರು’ ಎಂಬ ಅರಿವು ಅದಕ್ಕಿಂತ ಎಷ್ಟೋ ಹಳೆಯದು.

ಏಳನೆಯ ಶತಮಾನದಲ್ಲಿ ಅರಬ್ ಸೇನೆಗಳು ಇರಾನನ್ನು ಆಳುತ್ತಿದ್ದ ಸಸಾನಿ ಸಾಮ್ರಾಜ್ಯವನ್ನು ಗೆದ್ದವು. ಅದರ ಕೊನೆಯ ದೊರೆ ಮೂರನೆಯ ಯಜ್ದಗಿರ್ದ್ 651ರಲ್ಲಿ ಕೊಲೆಯಾದ. ಮುಂದಿನ ಕೆಲವು ಶತಮಾನಗಳಲ್ಲಿ ಜನರು ಇಸ್ಲಾಮನ್ನು ಸ್ವೀಕರಿಸಿದರು. ಅಷ್ಟೇ ಪ್ರಾಚೀನ ನಾಗರಿಕತೆಗಳ ವಾರಸುದಾರರಾಗಿದ್ದ ಈಜಿಪ್ಟ್, ಸಿರಿಯಾ ಮತ್ತು ಇರಾಕಿನ ಬಹುಪಾಲು ಜನರು ಕ್ರಮೇಣ ಅರಬ್ಬಿಯನ್ನೇ ಮನೆಮಾತಾಗಿಸಿಕೊಂಡು ಅರಬರೆನಿಸಿಕೊಂಡರೆ, ಇರಾನಿನವರು ಧರ್ಮವನ್ನೂ ಲಿಪಿಯನ್ನೂ ಸ್ವೀಕರಿಸಿ ತಮ್ಮ ಪಾರಸಿ ನುಡಿಯನ್ನು ಮಾತ್ರ ಬಿಟ್ಟುಕೊಡಲಿಲ್ಲ. ತೂಸ್ ಪ್ರಾಂತದ ಕವಿ ಫಿರ್ದೌಸಿ ಸುಮಾರು 1010ರಲ್ಲಿ ಮುಗಿಸಿದ ‘ಶಾಹನಾಮೆ’ ಸುಮಾರು ಐವತ್ತು ಸಾವಿರ ದ್ವಿಪದಿಗಳಲ್ಲಿ ಹೇಳುವುದು ಇಸ್ಲಾಮಿಗಿಂತ ಹಿಂದಿನ ಅರಸರ, ವೀರರ ಕಥೆಯನ್ನೇ. ಕವಿಯೂ ಮುಸ್ಲಿಮ್, ಅದನ್ನು ಬಾಯಿಪಾಠ ಮಾಡಿದವರೂ ಮುಸ್ಲಿಮರು. ಹೊಸ ಧರ್ಮಕ್ಕೆ ಬಂದ ಜನ ತಮ್ಮ ಹಿಂದಿನ ಕಾಲವನ್ನು ಕೇವಲ ಅಜ್ಞಾನದ ಕಾಲವೆಂದು ತಳ್ಳಿಹಾಕದೆ ಹೆಮ್ಮೆಯಿಂದ ಹಾಡಿಕೊಂಡದ್ದೇ ಇರಾನೀ ಅಸ್ಮಿತೆಯ ತಿರುಳೆಂದು ನನಗೆ ತೋರುತ್ತದೆ.

ಇದನ್ನು ಇಸ್ಲಾಮಿನ ಮೇಲಿನ ಅಸಮಾಧಾನವೆಂದು ತಿಳಿಯಬಾರದು. ಅರಬ್ಬಿ ವ್ಯಾಕರಣಕ್ಕೆ ಭದ್ರವಾದ ತಳಹದಿ ಹಾಕಿದ ಸೀಬವೈಹ್ ಪಾರಸಿಕ ಮೂಲದವನು. ಇಂದಿಗೂ ಮೊಹರಂನ ಹತ್ತನೆಯ ದಿನವಾದ ಆಶೂರಾದಂದು ಹುಸೇನರಿಗಾಗಿ ಶೋಕಿಸುವ ಮನೆಗಳಲ್ಲೇ ಮಾರ್ಚ್ 20ರ ಆಸುಪಾಸಿನಲ್ಲಿ, ಹಗಲು ರಾತ್ರಿ ಸಮನಾಗುವ ವೇಳೆಗೆ, ನವರೋಜ್ ಹೊಸ ವರ್ಷವೂ ನಡೆಯುತ್ತದೆ. ದೇಶದ ಅಧಿಕೃತ ಪಂಚಾಂಗ ಹಿಜರಿಯಿಂದಲೇ ವರ್ಷ ಎಣಿಸಿದರೂ ಅದು ಸೌರಮಾನದ್ದು, ಅದರ ತಿಂಗಳ ಹೆಸರುಗಳು ಇಸ್ಲಾಮಿಗಿಂತ ಹಿಂದೆ ಇರಾನಿನಲ್ಲಿದ್ದ ಜರತುಷ್ಟ್ರ ಧರ್ಮದ ಕಾಲದಿಂದ ಬಂದವು.

ಸಫವಿಗಳ ಪ್ರಭಾವ ನಿಮ್ಮ ಸೀಮೆಗೂ ತಲುಪಿತ್ತು. ಬಿಜಾಪುರದ ಯೂಸುಫ್ ಆದಿಲ್ ಶಾ ಹದಿನಾರನೆಯ ಶತಮಾನದ ಆರಂಭದಲ್ಲಿಯೇ ಶಿಯಾ ಪಂಥವನ್ನು ರಾಜ್ಯದ್ದೆಂದು ಸಾರಿದ್ದನು. 1520ರಲ್ಲಿ ರಾಯಚೂರಿನಲ್ಲಿ ಕೃಷ್ಣದೇವರಾಯನನ್ನು ಎದುರಿಸಿ ಸೋತ ಇಸ್ಮಾಯಿಲ್ ಆದಿಲ್ ಶಾ ಅವನ ಮಗ. ಆ ದರ್ಬಾರುಗಳಲ್ಲಿ ಇರಾನ್ ಮೊದಲಾದ ಕಡೆಗಳಿಂದ ಬಂದ ಆಫಾಕಿಗಳಿಗೂ ಇಲ್ಲಿಯವರೇ ಆದ ದಖ್ಖನಿಗಳಿಗೂ ಸತತ ಪೈಪೋಟಿಯಿತ್ತು. ಇಬ್ಬರೂ ಮುಸ್ಲಿಮರಾಗಿದ್ದರೂ ನಾಡು, ನುಡಿ ಬೇರೆಯಾಗಿದ್ದವು.

ಎರಡು ಎಚ್ಚರಿಕೆಗಳು ಅಗತ್ಯ. ತುರ್ಕರು, ಬಂಗಾಳಿಗಳು, ಮಲಯರು ಕೂಡ ಮುಸ್ಲಿಮರಾಗಿಯೇ ತಮ್ಮ ನುಡಿಯನ್ನು ಉಳಿಸಿಕೊಂಡವರು. ಆದ್ದರಿಂದ ಇರಾನ್ ಒಂದೇ ಅಪವಾದವೆನ್ನಲಾಗದು. ಹಾಗೆಯೇ ಇರಾನಿನವರೆಲ್ಲರೂ ಪಾರಸಿಕರಲ್ಲ. ಅಲ್ಲಿ ಅಜೆರಿಗಳು, ಕುರ್ದರು, ಬಲೂಚಿಗಳು, ಇರಾಕಿನ ಗಡಿಗೆ ಹೊಂದಿದ ಖುಜಿಸ್ತಾನ ಪ್ರಾಂತದ ಅರಬರು ಇದ್ದಾರೆ. ಕುರ್ದರಲ್ಲಿ ಮತ್ತು ಬಲೂಚಿಗಳಲ್ಲಿ ಸುನ್ನಿಗಳೇ ಹೆಚ್ಚು. ಶಾ ಇಸ್ಮಾಯಿಲ್ ಸ್ವತಃ ತುರ್ಕಿ ನುಡಿಯಲ್ಲಿ ಕವಿತೆ ಬರೆದವನು.

ಪಂಥಕ್ಕಿಂತ ನಾಡಿನ ಸೆಳೆತ ಬಲವಾಗಿರಬಲ್ಲದು ಎಂಬುದಕ್ಕೆ 1980ರಿಂದ 1988ರವರೆಗಿನ ಇರಾನ್–ಇರಾಕ್ ಯುದ್ಧವನ್ನು ನೋಡಬಹುದು. ಇರಾಕಿನ ಸೇನೆಯಲ್ಲಿದ್ದ ಅಸಂಖ್ಯ ಶಿಯಾ ಅರಬರು ಶಿಯಾ ಇರಾನಿನ ವಿರುದ್ಧವೇ ಹೋರಾಡಿದರು. ಖುಜಿಸ್ತಾನದ ಅರಬರು ತನ್ನ ಪರ ಎದ್ದು ನಿಲ್ಲುವರೆಂದು ಇರಾಕಿನ ಅಧ್ಯಕ್ಷ ಸದ್ದಾಂ ಹುಸೇನ್ ಇಟ್ಟುಕೊಂಡಿದ್ದ ನಿರೀಕ್ಷೆ ಕೈಗೂಡಲಿಲ್ಲ, ಅವರಲ್ಲಿ ಹೆಚ್ಚಿನವರು ಇರಾನಿನ ಪಕ್ಷದಲ್ಲಿಯೇ ಉಳಿದರು.